ತಾಯಂದಿರ ಮೌನದ ನೋವನ್ನು ಗುರುತಿಸಿದ ಇಬ್ನು ಸೀನಾ

ಇಬ್ನು ಸೀನಾರ ಹೆಸರನ್ನು ನೀವು ಕೇಳಿಯೇ ಇರುತ್ತೀರಿ. ಯುನಾನಿ ವೈದ್ಯರು ಅವರನ್ನು ಶೈಖುರ್ರಯೀಸ್ ಎಂದು ಗೌರವಿಸುತ್ತಾರೆ. ಅವರ ಪಾಂಡಿತ್ಯದ ಬಗ್ಗೆ ನಮ್ಮ ಸಭೆಗಳಲ್ಲಿ ಹೆಮ್ಮೆಯಿಂದ ಮಾತನಾಡುತ್ತೇವೆ. ಆದರೆ ಹೆರಿಗೆಯಲ್ಲಿ ಗಾಯಗೊಂಡ ತಾಯಂದಿರ ಕುರಿತು ಅವರು ಬರೆದಿಟ್ಟ ಎಚ್ಚರಿಕೆಯನ್ನು ನೆನೆಯುವವರು ಕಡಿಮೆ.

ಕ್ರಿ.ಶ. 980ರಲ್ಲಿ ಬುಖಾರಾ ಬಳಿಯ ಅಫ್ಶಾನಾ ಎಂಬ ಹಳ್ಳಿಯಲ್ಲಿ ಅವರು ಜನಿಸಿದರು. 10ನೇ ವಯಸ್ಸಿಗೆ ಪವಿತ್ರ ಕುರ್‌ಆನ್ ಕಂಠಪಾಠ ಮಾಡಿದ್ದರು. 16ನೇ ವಯಸ್ಸಿಗೆ ರೋಗಿಗಳನ್ನು ನೋಡತೊಡಗಿದ್ದರು. ವಿದ್ಯಾರ್ಥಿಗಳೇ, ಇಂಥ ಪ್ರತಿಭಾವಂತನಿಗೂ ಅರಿಸ್ಟಾಟಲನ ತತ್ವಗ್ರಂಥವೊಂದು 40 ಬಾರಿ ಓದಿದರೂ ಅರ್ಥವಾಗಿರಲಿಲ್ಲ. ಫಾರಾಬಿಯವರ ಸಣ್ಣ ಪುಸ್ತಕವೊಂದು ಕೈಗೆ ಸಿಕ್ಕಿದ ಮೇಲಷ್ಟೇ ಅದು ತಿಳಿಯಿತು. ಸಾಮಾನಿ ದೊರೆ ನೂಹ್ ಇಬ್ನು ಮನ್ಸೂರ್ ಅವರ ಚಿಕಿತ್ಸೆಯಲ್ಲಿ ಪಾಲ್ಗೊಂಡದ್ದರಿಂದ ಅರಮನೆಯ ಗ್ರಂಥಾಲಯ ಅವರಿಗೆ ತೆರೆಯಿತು.

ತಂದೆಯ ಮರಣ ಮತ್ತು ರಾಜಕೀಯ ಕ್ಷೋಭೆಯ ಬಳಿಕ ಅವರು ಊರೂರು ಅಲೆಯಬೇಕಾಯಿತು. ಹಮದಾನಿನಲ್ಲಿ ಮಂತ್ರಿಯಾದರು, ಸೆರೆಮನೆಯನ್ನೂ ಕಂಡರು. ಅಲ್ಲಿಂದ ವೇಷ ಮರೆಸಿಕೊಂಡು ಇಸ್ಫಹಾನಿಗೆ ಹೋದರು. ಈ ಅಲೆದಾಟದ ನಡುವೆಯೇ 5 ಭಾಗಗಳ 'ಅಲ್ ಖಾನೂನ್ ಫಿತ್ತಿಬ್ಬ್' ಎಂಬ ವೈದ್ಯಗ್ರಂಥ ರೂಪುಗೊಂಡಿತು. 1037ರಲ್ಲಿ ಹಮದಾನಿನಲ್ಲಿ ನಿಧನರಾದರು.

ಆ ಗ್ರಂಥದಲ್ಲಿ ಅವರು ಹೇಳಿದ ವಿಷಯ ಇಷ್ಟು: ತೀರಾ ಎಳೆಯ ವಯಸ್ಸಿನಲ್ಲಿ ಮದುವೆಯಾದವರಿಗೆ ಮತ್ತು ದುರ್ಬಲ ಮೂತ್ರಕೋಶವುಳ್ಳವರಿಗೆ ಗರ್ಭ ನಿಲ್ಲದಂತೆ ನೋಡಿಕೊಳ್ಳುವ ಕ್ರಮವನ್ನು ವೈದ್ಯನು ತಿಳಿಸಬೇಕು. ಇಲ್ಲವಾದರೆ ಶಿಶುವಿನ ಒತ್ತಡದಿಂದ ಮೂತ್ರಕೋಶ ಹರಿದು, ಸಾಯುವವರೆಗೂ ಮೂತ್ರ ಸೋರುತ್ತಿರಬಹುದು.

ಅವರು ಕಂಡ ಗಾಯದ ಕಾರಣ ಇಂದು ಸ್ಪಷ್ಟವಾಗಿದೆ. ಹೆರಿಗೆ ದಿನಗಟ್ಟಲೆ ತಡೆದಾಗ ಮಗುವಿನ ತಲೆ ಮೂತ್ರಕೋಶವನ್ನು ಎಲುಬಿಗೆ ಒತ್ತಿ ಹಿಡಿಯುತ್ತದೆ. ರಕ್ತ ಹರಿಯದೆ ಆ ಭಾಗ ಸತ್ತು ರಂಧ್ರವಾಗುತ್ತದೆ. ಇದೇ ಫಿಸ್ಟುಲಾ. ಸಕಾಲದಲ್ಲಿ ಸಿಝೇರಿಯನ್ ಆದರೆ ಇದನ್ನು ತಡೆಯಬಹುದು.

ಪ್ರತಿಬಂಧಕ್ಕೆ ಸಂಬಂಧಿಸಿ ಅವರ ಮಾತು ಇಂದಿಗೂ ಸತ್ಯ. ಆದರೆ ಇದಕ್ಕೆ ಮದ್ದಿಲ್ಲವೆಂಬ ಮಾತು ಅವರ ಕಾಲದ ಮಿತಿ. 1840ರ ದಶಕದಲ್ಲಿ ಅಮೆರಿಕದ ಅಲಬಾಮಾದಲ್ಲಿ ಜೆ. ಮೇರಿಯನ್ ಸಿಮ್ಸ್ ಫಿಸ್ಟುಲಾ ಶಸ್ತ್ರಚಿಕಿತ್ಸೆಯನ್ನು ರೂಪಿಸಿದರು. ಅದಕ್ಕಾಗಿ ಅರಿವಳಿಕೆಯಿಲ್ಲದೆ ಪದೇ ಪದೇ ಕತ್ತರಿಗೊಡ್ಡಲ್ಪಟ್ಟವರು ಅನಾರ್ಕಾ, ಬೆಟ್ಸಿ, ಲೂಸಿ ಮುಂತಾದ ಗುಲಾಮ ಸ್ತ್ರೀಯರು. ಅವರ ಋಣವನ್ನು ಮರೆಯಬಾರದು. ಇಂದು ನುರಿತ ವೈದ್ಯರು ಬಹುತೇಕ ಫಿಸ್ಟುಲಾಗಳನ್ನು ಮುಚ್ಚಬಲ್ಲರು.

ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಇದಕ್ಕಿಂತ ಸೌಮ್ಯವಾದ, ಆದರೆ ದೀರ್ಘಕಾಲದ ತೊಂದರೆ. ಹೆರಿಗೆಯಲ್ಲಿ ಕಿಬ್ಬೊಟ್ಟೆಯ ತಳದ ಸ್ನಾಯುಗಳು ಸಡಿಲಗೊಳ್ಳುತ್ತವೆ, ಕೆಲವೊಮ್ಮೆ ಹರಿಯುತ್ತವೆ. ಕೆಮ್ಮಿದಾಗ, ಕೊಡ ಎತ್ತಿದಾಗ ಮೂತ್ರ ಸೋರುತ್ತದೆ. ಎಷ್ಟೋ ವರ್ಷಗಳ ನಂತರ ಗರ್ಭಕೋಶ ಕೆಳಗೆ ಜಾರಬಹುದು. 1948ರಲ್ಲಿ ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ ಈ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸುವ ವ್ಯಾಯಾಮವನ್ನು ಪ್ರಚುರಪಡಿಸಿದರು. ತಿಳಿದವರಿಂದ ಕಲಿತು ಕನಿಷ್ಠ 3 ತಿಂಗಳು ತಪ್ಪದೆ ಮಾಡಿದರೆ ಅನೇಕರಿಗೆ ಗುಣ ಕಾಣುತ್ತದೆ. ಅಗತ್ಯವಿದ್ದವರಿಗೆ ಪೆಸರಿ ಎಂಬ ಆಧಾರ ಸಾಧನ, ಶಸ್ತ್ರಚಿಕಿತ್ಸೆಗಳೂ ಇವೆ.

ಓದುಗರೇ, ನಿಮ್ಮ ತಾಯಿ ಮದುವೆ ಮನೆಗೆ ಹೋಗಲು, ದೂರದ ಬಸ್ಸು ಹತ್ತಲು ಹಿಂಜರಿಯುತ್ತಾರೆಯೇ? ಕಾರಣ ಇದೇ ಇರಬಹುದು. ನಾಚಿಕೆಯಿಂದ ಅವರು ಹೇಳಲಾರರು, ವಯಸ್ಸಾಯಿತಲ್ಲ ಎಂದು ನಾವೂ ಸುಮ್ಮನಾಗುತ್ತೇವೆ. ವೈದ್ಯೆಯ ಬಳಿಗೆ ಅವರನ್ನು ಕರೆದುಕೊಂಡು ಹೋಗಿ. ಮನೆಯ ಹೆಣ್ಣುಮಕ್ಕಳ ಓದು ಮುಗಿದು, ದೇಹ ಬಲಿಯುವವರೆಗೆ ಮದುವೆಗೆ ಅವಸರ ಮಾಡಬೇಡಿ. ಸಾವಿರ ವರ್ಷಗಳ ಹಿಂದೆ ಒಬ್ಬ ವಿದ್ವಾಂಸ ಸಂಕೋಚಪಡದೆ ಬರೆದ ವಿಷಯವನ್ನು ನಾವು ನಮ್ಮ ಮನೆಯೊಳಗೆ ಮಾತನಾಡದಿದ್ದರೆ, ಅವರ ಹೆಸರು ಹೇಳಿ ಹೆಮ್ಮೆಪಡುವುದರಲ್ಲಿ ಅರ್ಥವೇನಿದೆ?