ಸಮಾಧಾನಕ್ಕೆ ಕಾವಲು ನಿಂತ ಜನರಲ್ ತಿಮ್ಮಯ್ಯನವರ ಚರಿತ್ರೆ

ಹೊಲದ ಬದುವಿನ ವಿಷಯವಾಗಿ ಅಣ್ಣತಮ್ಮಂದಿರು ಕುಡುಗೋಲು ಹಿಡಿದು ನಿಂತಾಗ ಪಂಚರ ಮಾತು ಯಾರ ಕಿವಿಗೂ ಬೀಳುವದಿಲ್ಲವೆಂಬದನ್ನು ನಾವೆಲ್ಲರೂ ಬಲ್ಲೆವು. ಮೊದಲು ಒಬ್ಬನು ನಡುವೆ ನಿಂತು ಇಬ್ಬರ ಕೈಗಳನ್ನೂ ತಡೆಯಬೇಕು. ಆಮೇಲೆಯೇ ಕಟ್ಟೆಯ ಮೇಲೆ ಕೂತು ಮಾತಾಡುವದು ಸಾಧ್ಯವಾಗುವದು. ಒಂದೇ ನಾಡಿನ ಜನರು ತಮ್ಮೊಳಗೆ ಯುದ್ಧಮಾಡುವಾಗಲೂ ಸಂಗತಿಯು ಹೀಗೆಯೇ. ಪೀರನವಾಡಿಯವರಾದ ನಾವು ಬೆಳಗಾವಿಯ ಕ್ಯಾಂಪಿನಲ್ಲಿ ಮರಾಠಾ ದಳದ ಸಿಪಾಯಿಗಳನ್ನು ನೋಡುತ್ತಾ, ಹೊಡೆಯುವದೊಂದೇ ಸಿಪಾಯಿಯ ಕೆಲಸವೆಂದು ನೆನಸುತ್ತೇವೆ. ಹೊಡೆಯಬಲ್ಲವನಾಗಿದ್ದೂ ನಡುವೆ ನಿಂತವನೊಬ್ಬನ ಚರಿತ್ರೆಯನ್ನು ಕೇಳಿರಿ.

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು 1906ನೇ ಮಾರ್ಚ್ 31ರಲ್ಲಿ ಕೊಡಗಿನ ಮಡಿಕೇರಿಯಲ್ಲಿ ಹುಟ್ಟಿದರು. ಕೂನೂರಿನಲ್ಲಿಯೂ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿಯೂ ಓದಿ, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೈನಿಕ ಶಾಲೆಯಲ್ಲಿ ತರಬೇತು ಹೊಂದಿ, 1926ರಲ್ಲಿ ಸೇನಾಧಿಕಾರಿಯಾದರು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ದೇಶದಲ್ಲಿ ಬ್ರಿಗೇಡನ್ನು ನಡಿಸಿದರು. 1948ರ ನವೆಂಬರದಲ್ಲಿ 11,000 ಅಡಿಗಿಂತಲೂ ಎತ್ತರವಾದ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿ ಶತ್ರುಗಳನ್ನು ಓಡಿಸಿದರು. ಆದಕಾರಣ ಇವರು ಸಮಾಧಾನದ ಕೆಲಸವನ್ನು ಕೈಕೊಂಡದ್ದು ಅಂಜಿಕೆಯಿಂದಲ್ಲ.

ಕೊರಿಯ ದೇಶದ ಉತ್ತರದವರೂ ದಕ್ಷಿಣದವರೂ 1950ರಿಂದ ಹೊಡೆದಾಡುತ್ತಿದ್ದರು. ಹೊರಗಿನ ಮಹಾರಾಜ್ಯಗಳೂ ಆ ಯುದ್ಧದೊಳಗೆ ಇಳಿದಿದ್ದವು. ತಮ್ಮ ಕಡೆಗೆ ಹಿಂದಿರುಗಲು ಒಲ್ಲೆವೆಂದ ಸೆರೆಯಾಳುಗಳನ್ನು ಏನು ಮಾಡಬೇಕೆಂಬ ಪ್ರಶ್ನೆಯೇ ಸಂಧಾನವನ್ನು ಬಹುಕಾಲ ತಡೆಯಿತು. ಕಡೆಗೆ 1953ನೇ ಜುಲೈ 27ರಲ್ಲಿ ಯುದ್ಧವಿರಾಮವಾಗಿ, ಆ ಸೆರೆಯಾಳುಗಳ ವಿಚಾರಣೆಯು ಐದು ರಾಷ್ಟ್ರಗಳ ಮಂಡಲಿಗೆ ಒಪ್ಪಿಸಲ್ಪಟ್ಟಿತು. ತಿಮ್ಮಯ್ಯನವರು ಅದರ ಅಧ್ಯಕ್ಷರಾದರು. ಕಾವಲಿನ ಭಾರತೀಯ ಸೈನ್ಯಕ್ಕೆ ನಮ್ಮ ನೆರೆಯ ಕೊಲ್ಲಾಪುರ ಸೀಮೆಯ ಥೋರಾತರು ನಾಯಕರಾಗಿದ್ದರು. ಒಂದು ಪಕ್ಷದ 22,000ಕ್ಕಿಂತ ಹೆಚ್ಚು ಜನರೂ ಇನ್ನೊಂದು ಪಕ್ಷದ 359 ಜನರೂ ಇವರ ವಶದಲ್ಲಿದ್ದರು. ಮಂಡಲಿಯಲ್ಲಿ ಇಬ್ಬರು ಒಂದು ಕಡೆಗೂ ಇಬ್ಬರು ಇನ್ನೊಂದು ಕಡೆಗೂ ವಾಲುತ್ತಿದ್ದುದರಿಂದ ನಿರ್ಣಯದ ಭಾರವು ಅನೇಕ ಸಾರಿ ತಿಮ್ಮಯ್ಯನವರ ಮೇಲೆಯೇ ಬಿತ್ತು. ಎರಡು ಪಕ್ಷದವರೂ ಅವರನ್ನು ದೂರಿದರು. ಗಲಭೆಯಲ್ಲಿ ಕಾವಲಿನವರು ಗುಂಡು ಹಾರಿಸಿ ಕೆಲವು ಸೆರೆಯಾಳುಗಳು ಸತ್ತದ್ದೂ ಉಂಟು. ಹೀಗಿದ್ದರೂ ನಿಂತುಹೋದ ಯುದ್ಧವು ತಿರುಗಿ ಹೊತ್ತಿಕೊಳ್ಳಲಿಲ್ಲ.

ಮುಂದೆ 1957ರಿಂದ 1961ರ ವರೆಗೆ ಇವರು ಭಾರತದ ಭೂಸೈನ್ಯದ ಮುಖ್ಯಸ್ಥರಾಗಿದ್ದು ನಿವೃತ್ತರಾದರು. ಮನೆಯಲ್ಲಿ ವಿಶ್ರಾಂತಿಯಾಗಿರಬಹುದಾಗಿದ್ದ ಕಾಲದಲ್ಲಿ ಎರಡನೆಯ ಕರೆಯು ಕುಪ್ರದ್ವೀಪದಿಂದ ಬಂತು. ಬಾರ್ನಬನ ಹುಟ್ಟೂರೂ ಪೌಲನು ಸುವಾರ್ತೆಯೊಂದಿಗೆ ಸಂಚರಿಸಿದ ಸ್ಥಳವೂ ಆದ ಆ ದ್ವೀಪವೇ ಈಗಿನ ಸೈಪ್ರಸ್. ಅಲ್ಲಿನ ಜನರಲ್ಲಿ ಹೆಚ್ಚಿನವರು ಗ್ರೀಕರು, ಐದರಲ್ಲೊಂದು ಪಾಲಿಗಿಂತ ತುಸು ಕಡಿಮೆ ತುರ್ಕರು. 1960ರಲ್ಲಿ ಸ್ವಾತಂತ್ರ್ಯ ಬಂದಾಗ ಅಧ್ಯಕ್ಷನು ಗ್ರೀಕನೂ ಉಪಾಧ್ಯಕ್ಷನು ತುರ್ಕನೂ ಆಗಿರಬೇಕೆಂದು ಒಪ್ಪಂದವಾಗಿತ್ತು. ಆ ಒಪ್ಪಂದವನ್ನು ತಿದ್ದುವ ವಿಷಯದಲ್ಲಿ ಜಗಳ ಹುಟ್ಟಿ, 1963ರ ದಶಂಬರದಲ್ಲಿ ನೆರೆಯವರು ನೆರೆಯವರನ್ನು ಕೊಂದರು. 1964ನೇ ಮಾರ್ಚ್ 4ರಲ್ಲಿ ಸಂಯುಕ್ತ ರಾಷ್ಟ್ರಸಂಘವು ಎರಡು ಉಪಾಯಗಳನ್ನು ಗೊತ್ತುಮಾಡಿತು: ನಡುವೆ ನಿಲ್ಲತಕ್ಕ ಸೈನ್ಯವೊಂದು, ಮಾತು ನಡಿಸತಕ್ಕ ಮಧ್ಯಸ್ಥನೊಬ್ಬನು. ಆ ಸೈನ್ಯಕ್ಕೆ ಮೊದಲು ಜನರಲ್ ಗ್ಯಾನಿಯವರೂ, ಅದೇ ವರುಷದ ನಡುವಿನಿಂದ ತಿಮ್ಮಯ್ಯನವರೂ ನಾಯಕರಾದರು.

ಆತ್ಮರಕ್ಷಣೆಗೆ ಹೊರತು ಆಯುಧವನ್ನು ಉಪಯೋಗಿಸಬಾರದೆಂಬದು ಆ ಸೈನ್ಯದ ನಿಯಮ. ಅದು ಹೊಲಗಳಿಗೆ ಹೋಗುವ ರೈತರ ಜೊತೆಗೆ ಕಾವಲು ನಡೆದು ಸುಗ್ಗಿ ಮಾಡಿಸಿತು. ಮುಚ್ಚಿದ್ದ ದಾರಿಗಳಲ್ಲಿ ಪ್ರಯಾಣಿಕರನ್ನು ದಾಟಿಸಿತು. ಆದರೆ ಮಾತಿನ ಕೆಲಸವು ಕೈಗೂಡಲಿಲ್ಲ. ಮೊದಲನೆಯ ಮಧ್ಯಸ್ಥರಾದ ಫಿನ್ಲೆಂಡಿನ ತುಓಮಿಯೋಜರು 1964ರಲ್ಲಿಯೇ ತೀರಿಕೊಂಡರು; ಅವರ ಸ್ಥಾನಕ್ಕೆ ಬಂದ ಗಾಲೋ ಪ್ಲಾಜಾ ಎಂಬವರು 1965ರಲ್ಲಿ ಕೊಟ್ಟ ವರದಿಯನ್ನು ತುರ್ಕಿ ದೇಶವು ತಳ್ಳಿಬಿಟ್ಟಿತು. ಅದೇ ವರುಷದ ದಶಂಬರ 18ರಲ್ಲಿ ತಿಮ್ಮಯ್ಯನವರು ಕೆಲಸದಲ್ಲಿರುವಾಗಲೇ ಹೃದಯಾಘಾತದಿಂದ ಆ ದ್ವೀಪದಲ್ಲಿ ಮರಣಹೊಂದಿದರು. ಅವರ ದೇಹವು ಬೆಂಗಳೂರಿನಲ್ಲಿ ಹೂಣಲ್ಪಟ್ಟಿದೆ. ಸೈಪ್ರಸ್ ಸರಕಾರವು 1966ರಲ್ಲಿ ಅವರ ಸ್ಮರಣಾರ್ಥವಾಗಿ ಅಂಚೆಚೀಟಿಯನ್ನು ಹೊರಡಿಸಿತು.

1974ರಲ್ಲಿ ಯುದ್ಧವು ತಿರುಗಿ ಎದ್ದು ದ್ವೀಪವು ಎರಡು ಭಾಗವಾಯಿತು; ಸಂಧಾನವು ಇನ್ನೂ ಮುಗಿದಿಲ್ಲ. ಹಾಗಾದರೆ ಇವರ ಪ್ರಯಾಸವು ವ್ಯರ್ಥವೋ? ಕೈ ತಡೆದವನು ಮನಸ್ಸನ್ನು ತಿರುಗಿಸಲಾರನು. ಅದು ಜಗಳವಾಡುವವರೇ ಮಾಡತಕ್ಕ ಕೆಲಸ. ಆದರೂ ಆ ಕಾವಲಿನಲ್ಲಿ ಬೆಳೆ ಕೊಯ್ದು ಮಕ್ಕಳಿಗೆ ರೊಟ್ಟಿ ಕೊಟ್ಟ ತಾಯಂದಿರು ಅದನ್ನು ವ್ಯರ್ಥವೆನ್ನಲಾರರು. ಪ್ರಿಯರೇ, ನಮ್ಮ ಊರಲ್ಲಿ ಕೋಲುಗಳು ಎದ್ದಾಗ, ರಾಜಿಯಾಗುವದೋ ಇಲ್ಲವೋ ಎಂದು ದೂರ ನಿಂತು ನೋಡದೆ, ಮೊದಲು ನಡುವೆ ಹೋಗಿ ನಿಲ್ಲೋಣ.