ಸೂರತ್ತಿನ ಮಹೀಪತರಾಮ ರೂಪರಾಮರು

ಉದ್ಯೋಗನಿಮಿತ್ತ ಅಹಮದಾಬಾದಿನಲ್ಲಿ ನೆಲೆಸಿದ ನಮ್ಮ ಬಂಧುಗಳಲ್ಲಿ ಬಹುಮಂದಿ ರಾಯಪುರ ದರವಾಜಾದ ಮುಂದೆ ಹಾದುಹೋಗಿರುತ್ತಾರೆ. ಆ ದ್ವಾರದ ಹೊರಗಿನ ಅನಾಥಾಶ್ರಮವು ಯಾರ ಹೆಸರನ್ನು ಹೊತ್ತಿದೆಯೋ ಆ ಮಹನೀಯರ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ಮಹೀಪತರಾಮ ರೂಪರಾಮ ನೀಲಕಂಠರು 1829ರ ಡಿಸೆಂಬರ್ 3ರಂದು ಸೂರತ್ತಿನ ನಾಗರ ಬ್ರಾಹ್ಮಣ ಕುಲದಲ್ಲಿ ಜನಿಸಿದರು. ಮುಂಬಯಿಯ ಎಲ್ಫಿನ್‌ಸ್ಟನ್ ಸಂಸ್ಥೆಯಲ್ಲಿ ಓದಿ ಶಿಕ್ಷಣ ಇಲಾಖೆಯನ್ನು ಸೇರಿದರು. 1860ರಲ್ಲಿ ಸರಕಾರವು ಅವರನ್ನು ಶಿಕ್ಷಕರ ತರಬೇತಿಯ ಕ್ರಮವನ್ನು ನೋಡಿಬರಲು ಇಂಗ್ಲೆಂಡಿಗೆ ಕಳುಹಿಸಿತು. ಆಗ ಸೂರತ್ತಿನಿಂದ ಮುಂಬಯಿಗೆ ರೈಲುದಾರಿಯೇ ಕೂಡಿರಲಿಲ್ಲ. ಅದು ಕೂಡಿದ್ದು 1864ರಲ್ಲಿ. ಸೂಯೆಜ್ ಕಾಲುವೆಯಂತೂ 1869ರದು. ರೈಲ್ವೆಯಲ್ಲಿ ಆಯುಷ್ಯ ಸವೆಸಿದ ನಾವು ಇಂಥ ತೇದಿಗಳನ್ನು ಗಮನಿಸದೆ ಇರಲಾರೆವು.

ಹಿಂದಿರುಗಿ ಬಂದವರಿಗೆ ಜಾತಿಯಿಂದ ಬಹಿಷ್ಕಾರ ಕಾದಿತ್ತು. ಕಲಿವರ್ಜ್ಯಗಳಲ್ಲಿ ಸಮುದ್ರಯಾನವೂ ಒಂದೆಂಬುದನ್ನು ಧರ್ಮಶಾಸ್ತ್ರ ಬಲ್ಲವರು ಅರಿತೇ ಇದ್ದಾರೆ. ವಿಧಿಸಿದವರೆಲ್ಲ ದುಷ್ಟರೆಂದು ನಾವು ಬರೆಯಲಾರೆವು. ಆದರೆ ನೆಂಟರ ಮನೆಯ ಬಾಗಿಲುಗಳು ಒಂದೊಂದಾಗಿ ಮುಚ್ಚಿದಾಗ ಅದರ ಭಾರವನ್ನು ಹೊತ್ತವರು ಅವರೊಬ್ಬರೇ ಅಲ್ಲ, ಕಡಲನ್ನೇ ದಾಟದ ಪತ್ನಿ ಪಾರ್ವತೀಕುಂವರರೂ ಹೌದು. ಆ ಸಾಧ್ವಿಯ ಚರಿತ್ರೆಯನ್ನು ಪತಿಯೇ ಬರೆದು ಪ್ರಕಟಿಸಿದರು. ಕುಲದ ಆಸರೆ ತಪ್ಪಿದವರ ಗತಿಯೇನೆಂಬ ಚಿಂತೆ ಅವರಲ್ಲಿ ಬೇರೂರಿದ್ದು ಈ ವರ್ಷಗಳಲ್ಲೇ ಎಂದು ನಮಗೆ ತೋರುತ್ತದೆ.

ಮುಂದೆ ಅವರು ಅಹಮದಾಬಾದಿನ ಶಿಕ್ಷಕರ ತರಬೇತಿ ಕಾಲೇಜಿನ ಪ್ರಾಚಾರ್ಯರಾದರು. ಅತ್ತೆ-ಸೊಸೆಯರ ಕಲಹವನ್ನು ಕುರಿತು 1866ರಲ್ಲಿ ಕಾದಂಬರಿ ಬರೆದರು. ವಿಧವೆಯರ ಪುನರ್ವಿವಾಹವನ್ನು ಸಮರ್ಥಿಸಿದರು. 1871ರಲ್ಲಿ ಭೋಳಾನಾಥ ಸಾರಾಭಾಯಿಯವರು ಸ್ಥಾಪಿಸಿದ ಪ್ರಾರ್ಥನಾ ಸಮಾಜದಲ್ಲಿ ಪ್ರಮುಖರಾದರು. ವಿಗ್ರಹಾರಾಧನೆಯನ್ನು ಒಪ್ಪದ ಆ ಸಮಾಜದೊಡನೆ ಸಿದ್ಧಾಂತದಲ್ಲಿ ನಮಗೆ ಸಮ್ಮತಿಯಿಲ್ಲ. 1891ರ ಮೇ 30ರಂದು ಅವರು ಕಾಲವಶರಾದರು.

ಆಶ್ರಮವನ್ನು ಕಟ್ಟಿದವರು ಅವರ ಪುತ್ರ ರಮಣಭಾಯಿ ಹಾಗೂ ಸಹಚರ ಲಾಲಶಂಕರ ಉಮಿಯಾಶಂಕರರು. ಈ ಲಾಲಶಂಕರರ ಸಂಗತಿಯನ್ನು ಪಂಢರಪುರದ ಯಾತ್ರೆ ಮಾಡುವ ನಮ್ಮವರು ಅವಶ್ಯ ತಿಳಿದಿರಬೇಕು. ನಮ್ಮ ದಾಸರು ಹಾಡಿ ಕೊಂಡಾಡಿದ ಆ ಕ್ಷೇತ್ರದಲ್ಲಿ ಅವರು ನ್ಯಾಯಾಧೀಶರಾಗಿದ್ದರು. ಮರುಮದುವೆಗೂ ಅವಕಾಶವಿಲ್ಲದೆ, ಹೆತ್ತ ಶಿಶುವನ್ನು ಊರಿಗೆ ತೋರಿಸಲೂ ಆಗದೆ ಪರಿತಪಿಸುವ ತರುಣ ವಿಧವೆಯರ ಕಥೆ ನ್ಯಾಯಾಲಯದಲ್ಲಿ ಕೊನೆಗೊಳ್ಳುತ್ತಿದ್ದುದು ಶಿಶುಹತ್ಯೆಯ ಮೊಕದ್ದಮೆಯಾಗಿ. ಶಿಕ್ಷೆಯಿಂದ ಶಿಶು ಉಳಿಯದು. ಆದ್ದರಿಂದ 1875ರಲ್ಲಿ ಲಾಲಶಂಕರರು ಅಲ್ಲಿ ಶಿಶುಹತ್ಯೆಯನ್ನು ತಡೆಯುವ ಗೃಹವೊಂದನ್ನು ತೆರೆದರು. ಮರೆಯಾಗಿ ಹೆರಿಗೆಗೂ, ಬಿಟ್ಟುಹೋದ ಕೂಸಿನ ಪೋಷಣೆಗೂ ಅದು ತಾಣವಾಯಿತು. ಆ ಅನುಭವವೇ 1892ರಲ್ಲಿ ಅಹಮದಾಬಾದಿನಲ್ಲಿ ದಿವಂಗತ ಮಿತ್ರರ ಹೆಸರಿನ ಆಶ್ರಮಕ್ಕೆ ಅಡಿಪಾಯ.

ಏಳೆಂಟು ವರ್ಷಗಳಲ್ಲೇ, ವಿಕ್ರಮ ಸಂವತ್ಸರ 1956ರಲ್ಲಿ, ಗುಜರಾತಿನ ಹಿರಿಯರು ಇಂದಿಗೂ ಛಪ್ಪನಿಯೋ ಎಂದು ಸ್ಮರಿಸುವ ಘೋರ ಕ್ಷಾಮ ಬಂದಿತು. ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳು ಹಳ್ಳಿಹಳ್ಳಿಗಳಲ್ಲಿ ಉಳಿದರು. ಇಂಥ ಗೃಹಗಳು ಇನ್ನೂ ಎಷ್ಟು ಬೇಕಿದ್ದವೆಂಬುದು ಆಗ ಎಲ್ಲರಿಗೂ ಗೋಚರವಾಯಿತು.

ರಮಣಭಾಯಿಯವರು ವಕೀಲಿಯ ಹಾಗೂ ಸಾಹಿತ್ಯದ ನಡುವೆ ಆಶ್ರಮದ ಹೊಣೆಯನ್ನೂ ಹೊತ್ತು 1928ರಲ್ಲಿ ತೀರಿಕೊಂಡರು. ತೊರೆಯಲ್ಪಟ್ಟ ಶಿಶುಗಳನ್ನೂ ಮನೆಯಿಲ್ಲದ ಸ್ತ್ರೀಯರನ್ನೂ ಅವರ ಕುಲಗೋತ್ರ ವಿಚಾರಿಸದೆ ಒಳಗೆ ಸೇರಿಸಿಕೊಳ್ಳುವುದು ಆ ಗೃಹದ ಪರಿಪಾಠ. ಕುಲದಿಂದ ಹೊರಗಾದವರೊಬ್ಬರ ಹೆಸರು ಅದರ ಬಾಗಿಲಿನ ಮೇಲಿದೆ.