ಸರಕಾರದ ಶಾಲೆಗೆ ಹಾಡು ತಂದ ಪಂಜೆ ಮಂಗೇಶರಾಯರು

ನಾಗರ ಹಾವಿನ ಹಾಡು ಕಲಿಯದೆ ನಮ್ಮ ಕರಾವಳಿಯಲ್ಲಿ ಸಣ್ಣ ತರಗತಿ ದಾಟಿದವರು ಕಡಿಮೆ. ನಮ್ಮ ಚರ್ಚ್ ಶಾಲೆಗಳಲ್ಲಿಯೂ ಟೀಚರು ಕೈಯನ್ನು ಹೆಡೆಯಂತೆ ಮಾಡಿ ಅದನ್ನು ಹಾಡಿಸುತ್ತಿದ್ದರು. ಅದನ್ನು ಬರೆದವರು ಬ್ರಿಟಿಷ್ ಸರಕಾರದ ಶಾಲಾ ಇನ್ಸ್‌ಪೆಕ್ಟರರಾಗಿದ್ದರು ಎಂಬುದು ಮಾತ್ರ ನಮಗೆ ಅಷ್ಟಾಗಿ ನೆನಪಿರುವುದಿಲ್ಲ.

ಪಂಜೆ ಮಂಗೇಶರಾಯರು 1874ರಲ್ಲಿ ಬಂಟ್ವಾಳದ ಬಡ ಕುಟುಂಬವೊಂದರಲ್ಲಿ ಜನಿಸಿದರು. ಕಷ್ಟಪಟ್ಟು ಓದಿ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು. ಬಳಿಕ ಶಿಕ್ಷಣ ಇಲಾಖೆಯಲ್ಲಿ ಶಾಲೆಗಳ ತಪಾಸಣೆಯ ಕೆಲಸ ದೊರೆಯಿತು.

ಆಗ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. 1854ರ ವುಡ್ ಅವರ ಶಿಕ್ಷಣ ಆದೇಶದ ನಂತರ ಮಿಶನ್ ಶಾಲೆಗಳಿಗೂ ಅನುದಾನ ಬರತೊಡಗಿತ್ತು. ಹಣದ ಜೊತೆಗೆ ಹತೋಟಿಯೂ ಬಂತು. ಇಲಾಖೆ ಒಪ್ಪಿದ ಪುಸ್ತಕವನ್ನೇ ಕಲಿಸಬೇಕು, ಇನ್ಸ್‌ಪೆಕ್ಟರರು ಬಂದಾಗ ಮಕ್ಕಳು ಅದನ್ನೇ ಒಪ್ಪಿಸಬೇಕು. ಆ ಕಾಲದ ಪುಸ್ತಕಗಳ ಧೋರಣೆ ತಿಳಿಯಲು ಲೀ-ವಾರ್ನರ್ ಎಂಬ ಅಧಿಕಾರಿ 1897ರಲ್ಲಿ ಭಾರತದ ವಿದ್ಯಾರ್ಥಿಗಳಿಗೆಂದೇ ಬರೆದ 'ದಿ ಸಿಟಿಜನ್ ಆಫ್ ಇಂಡಿಯಾ' ಸಾಕು. ರೈಲು, ಅಂಚೆ, ಶಾಂತಿ, ಕಾನೂನು ಎಲ್ಲವೂ ಬ್ರಿಟಿಷ್ ಆಳ್ವಿಕೆಯ ಉಪಕಾರ. ಒಳ್ಳೆಯ ಪ್ರಜೆ ಎಂದರೆ ಸಾಮ್ರಾಜ್ಯಕ್ಕೆ ನಿಷ್ಠನಾದವನು. ಎಳೆಯ ಮನಸ್ಸಿಗೆ ಇದನ್ನು ತುಂಬಲು ಶಾಲೆಗಿಂತ ಸುಲಭದ ದಾರಿ ಯಾವುದಿತ್ತು?

ರಾಯರು ಆ ಸರಕಾರದ ಸಂಬಳವನ್ನೇ ಉಂಡವರು. ಅವರು ದಂಗೆ ಎದ್ದವರಲ್ಲ. ಅವರನ್ನು ಸ್ವಾತಂತ್ರ್ಯ ಹೋರಾಟಗಾರರೆಂದು ಹೊಗಳುವುದೂ ಸರಿಯಲ್ಲ. ಆದರೆ ಮಕ್ಕಳಿಗಾಗಿ ಬರೆಯಲು ಕುಳಿತಾಗ ಅವರಿಗೆ ಕಂಡದ್ದು ಚಕ್ರವರ್ತಿಯಲ್ಲ, ಅಂಗಳದ ಕೋಳಿ, ಹುತ್ತದ ಹಾವು, ತೆಂಕಣದಿಂದ ಬೀಸಿ ಬರುವ ಗಾಳಿ. ಬಾಯಿಪಾಠದಲ್ಲಿ ಬಳಲಿದ್ದ ಮಗುವಿಗೆ ತನ್ನ ಮನೆಯ ಸುತ್ತಲಿನದೇ ಪಾಠವಾಯಿತು. ಬಾಸೆಲ್ ಮಿಶನ್ನಿಗಾಗಿ ಅವರು ಕನ್ನಡ ಪದ್ಯ ಪುಸ್ತಕಗಳನ್ನು ಸಂಪಾದಿಸಿದರು. ಸಾರಸ್ವತ ಬ್ರಾಹ್ಮಣರ ಹಾಡು, ಪ್ರೊಟೆಸ್ಟೆಂಟರ ಅಚ್ಚುಕೂಟ, ಹಾಡಿದವರಲ್ಲಿ ನಮ್ಮ ಕಥೋಲಿಕ ಮಕ್ಕಳೂ ಇದ್ದರು! ಹೀಗಿತ್ತು ನಮ್ಮ ಊರು.

1921ರಲ್ಲಿ ಮಂಗಳೂರಿನಲ್ಲಿ ಬಾಲ ಸಾಹಿತ್ಯ ಮಂಡಲ ಹುಟ್ಟಿದಾಗ ಅದರ ಹಿಂದೆಯೂ ರಾಯರಿದ್ದರು. ಕೊಡಗಿಗೆ ವರ್ಗವಾದ ಮೇಲೆ ಹುತ್ತರಿಯ ಹಾಡು ಬರೆದರು. ಕೊಡಗಿನವರು ಅದನ್ನು ತಮ್ಮದೆಂದೇ ಹಾಡುತ್ತಾರೆ. ಇಷ್ಟೆಲ್ಲ ಬರೆದವರು ತಮಗೆ ಇಟ್ಟುಕೊಂಡ ಹೆಸರು ಕವಿಶಿಷ್ಯ.

1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 1937ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ ತೀರಿಕೊಂಡರು. ಬ್ರಿಟಿಷರು ಹೊರಡಲು ಇನ್ನೂ 10 ವರ್ಷಗಳಿದ್ದವು.